ಚೌಕದೊಳಗಿನ ಹೆಸರು

ಧಾರವಾಡದ ಒಂದು ಪ್ರಕಾಶನಕ್ಕೆ ಹೊಸದಾಗಿ ಪ್ರೂಫ್ ನೋಡಲು ಸೇರಿದ ಹುಡುಗಿಯೊಬ್ಬಳು ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದಳು. ಯಾರೋ ನನ್ನ ಹೆಸರು ಹೇಳಿದ್ದರಂತೆ. ಚಹಾ ಕುಡಿಯುತ್ತ ಕಾಗುಣಿತ, ವಿರಾಮಚಿಹ್ನೆ, ಕಂಪ್ಯೂಟರಿನ ತಪ್ಪು ಹುಡುಕುವ ಸೌಲಭ್ಯ ಎಂದು ಏನೇನೋ ಕೇಳಿದಳು. ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತ, ನಿಜವಾಗಿ ಕೇಳಲು ಬಂದಿದ್ದನ್ನು ಕೇಳಿದಳು.

"ಸರ್, ಈ ಕೆಲಸದಾಗ ಅಂಜಿಕಿ ಎಷ್ಟ ವರ್ಷಕ್ಕ ಹೋಗ್ತದ್ರಿ?"

"ಹೋಗ್ತದವಾ, ಒಂದೆರಡ ವರ್ಷಕ್ಕ ಹೋಗ್ತದ" ಎಂದು ಕಳಿಸಿದೆ. ಅದು ಸುಳ್ಳು. ನಿವೃತ್ತನಾಗಿ ಎಂಟು ವರ್ಷವಾದರೂ ಮದುವೆಯ ಕರೆಯೋಲೆ ಕೈಗೆ ಬಂದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ವಧುವಿನ ಹೆಸರು ಸರಿಯಾಗಿದೆಯೆ, ವಾರ ತಿಥಿ ಹೊಂದುತ್ತವೆಯೆ ಎಂದು ನೋಡಿ ಮುಗಿಸುವವರೆಗೆ ಮದುವೆ ಯಾರದೆಂದು ತಲೆಗೆ ಹೋಗುವುದಿಲ್ಲ. ಆ ಹುಡುಗಿಗೆ ಹೇಳಿದ ಸುಳ್ಳನ್ನು ತಿದ್ದಲು ಇದನ್ನು ಬರೆಯುತ್ತಿದ್ದೇನೆ. ತಪ್ಪು ಕಂಡರೆ ತಿದ್ದದೆ ಬಿಡುವುದು ನನ್ನಿಂದಾಗದು.

ನಾನು ಮೂವತ್ತಾರು ವರ್ಷ ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿದ್ದ ಒಂದು ಖಾಸಗಿ ಪ್ರೆಸ್ಸಿನಲ್ಲಿ ಪ್ರೂಫ್ ರೀಡರ್ ಆಗಿದ್ದೆ. ಬಡ್ತಿಯ ವಿಷಯ ಬರೆಯಲು ಏನೂ ಇಲ್ಲ. ನಮ್ಮಲ್ಲಿ ಬಡ್ತಿ ಎಂದರೆ ಕಿಟಕಿ ಪಕ್ಕದ ಕುರ್ಚಿ. ಅದು ನನಗೆ ಹನ್ನೊಂದನೆಯ ವರ್ಷ ಸಿಕ್ಕಿತು. ಹೊಗಳಿಕೆಯೂ ಇಲ್ಲ. ಚೆನ್ನಾಗಿ ನೋಡಿದ ಪ್ರೂಫಿನಲ್ಲಿ ಪ್ರೂಫ್ ರೀಡರ್ ಕಾಣುವುದಿಲ್ಲ, ತಪ್ಪಿದರೆ ಮಾತ್ರ ಕಾಣುತ್ತಾನೆ. ಹೊಸಬರು ಇದನ್ನು ಮೊದಲೇ ತಿಳಿದುಕೊಂಡರೆ ಒಳ್ಳೆಯದು.

ನನಗೆ ಕೆಲಸ ಕಲಿಸಿದವರು ಭೀಮರಾಯರು. ನಾನು ಸೇರಿದಾಗಲೇ ಅವರಿಗೆ ಕಣ್ಣಿಗೆ ಪೊರೆ ಬಂದಿತ್ತು, ಆದರೂ ಯಾರಿಗೂ ಕಾಣದ ತಪ್ಪು ಅವರಿಗೆ ಕಾಣುತ್ತಿತ್ತು. "ಓದಬ್ಯಾಡೋ ದಾನಿಯೇಲಪ್ಪ, ನೋಡು" ಎನ್ನುತ್ತಿದ್ದರು. "ಓದಾಕ ಹತ್ತಿದಿ ಅಂದ್ರ ಕಥಿ ನಿನ್ನ ಎಳಕೊಂಡ ಹೋಗ್ತದ, ತಪ್ಪು ಹಿಂದ ಉಳೀತದ." ಅಂದು ಅಚ್ಚುಮೊಳೆಗಳ ಕಾಲ, ಒಂದೊಂದು ಅಕ್ಷರಕ್ಕೂ ಒಂದೊಂದು ಸೀಸದ ಮೊಳೆ. ವ ಇರಬೇಕಾದ ಖಾನೆಯಲ್ಲಿ ಮ ಬಿದ್ದಿರುತ್ತಿತ್ತು. ಒಂದು ಮಠದ ಕರಪತ್ರದಲ್ಲಿ 'ಶಿವ' ಎಂಬಲ್ಲೆಲ್ಲ 'ಶಿಮ' ಆಗಿದ್ದನ್ನು ನಾನು ಓದಿಕೊಂಡು ಹೋಗಿಬಿಟ್ಟಿದ್ದೆ. ಕಣ್ಣು ತನಗೆ ಬೇಕಾದದ್ದನ್ನೇ ಓದಿಕೊಂಡಿತ್ತು. ಭೀಮರಾಯರು ಮೊಳೆಯೊಂದನ್ನು ನನ್ನ ಅಂಗೈಯಲ್ಲಿಟ್ಟು ಮುಷ್ಟಿ ಕಟ್ಟಿಸಿದರು. ಅಕ್ಷರದ ಗುರುತು ಅಂಗೈ ಮೇಲೆ ಮೂಡಿತು. ಬೈಗುಳ ಅಷ್ಟೆ.

ಎರಡನೆಯ ವರ್ಷ ಮಾಡಿದ ಪ್ರಮಾದ ಇನ್ನೂ ದೊಡ್ಡದು. ದೇಶಪಾಂಡೆ ನಗರದ ದೊಡ್ಡ ಮನೆಯೊಂದರ ಮದುವೆಯ ಕಾರ್ಡು. ಆಮಂತ್ರಿಸುವವರ ಪಟ್ಟಿಯಲ್ಲಿ ಹುಡುಗನ ಕಾಕಾನ ಹೆಸರು ಕೆಳಗೆ ಬಿದ್ದಿತ್ತು. ಅದನ್ನು ಮೇಲೆ ತರಬೇಕೆಂದು ಅಂಚಿನಲ್ಲಿ 'ಕಾಕಾ ಮೇಲೆ ಹೋಗಬೇಕು' ಎಂದು ಬರೆದೆ. ಮೊಳೆ ಜೋಡಿಸುವವನು ಅದನ್ನೂ ಕಾರ್ಡಿನೊಳಗೆ ಸೇರಿಸಿಬಿಟ್ಟ. ಕಾಕಾ ಆಗ ಎದೆನೋವಿನಿಂದ ಆಸ್ಪತ್ರೆಯಲ್ಲಿದ್ದರು. ಆ ಮನೆಯವರು ಪ್ರೆಸ್ಸಿಗೆ ಬಂದು ಕೂಗಾಡಿದ್ದು ಓಣಿಯ ತುದಿಯವರೆಗೆ ಕೇಳಿಸಿತ್ತು. ಕಾಕಾ ಗುಣವಾಗಿ ಮದುವೆಯಲ್ಲಿ ಓಡಾಡಿದ ಸುದ್ದಿ ಬರುವವರೆಗೆ ನನಗೆ ಅನ್ನ ಸೇರಲಿಲ್ಲ. ತಿದ್ದುವವನಿಗೆ ಬರೆದ ಸೂಚನೆಯೇ ಪಠ್ಯವಾಗಿಬಿಡುವ ಅಪಾಯವನ್ನು ನಾನು ಕಲಿತದ್ದು ಹೀಗೆ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಈಗಿನವರಿಗೆ ಗೊತ್ತಿಲ್ಲದ ಒಂದು ಪದ್ಧತಿ ನಮ್ಮಲ್ಲಿತ್ತು. ಮುಖ್ಯ ಪುಸ್ತಕಗಳ ಪ್ರೂಫನ್ನು ಇಬ್ಬರು ಕೂತು ನೋಡುತ್ತಿದ್ದೆವು. ಒಬ್ಬರು ಕಾಪಿಯನ್ನು, ಅಂದರೆ ಲೇಖಕರ ಹಸ್ತಪ್ರತಿಯನ್ನು, ಗಟ್ಟಿಯಾಗಿ ಓದುವುದು. ಇನ್ನೊಬ್ಬರು ಪ್ರೂಫಿನ ಮೇಲೆ ಕಣ್ಣಿಟ್ಟು ತಿದ್ದುವುದು. ಓದುವವರು ಅರ್ಥದ ಗೊಡವೆಗೆ ಹೋಗದೆ ಅಲ್ಪವಿರಾಮ ಪೂರ್ಣವಿರಾಮಗಳನ್ನೂ ಉಚ್ಚರಿಸಬೇಕು. ನನಗೆ ಹತ್ತೊಂಬತ್ತು ವರ್ಷ ಓದಿ ಹೇಳಿದವರು ಗಿರಿಜಕ್ಕ.

ಗಿರಿಜಕ್ಕನ ಊರು ಶಿರಗುಪ್ಪಿ. ಏಳನೆಯ ತರಗತಿಯವರೆಗೆ ಓದಿದ್ದ ಹೆಣ್ಣುಮಗಳು. ಹಣೆಯ ಮೇಲೆ ವಿಭೂತಿ, ಸೆರಗಿನ ತುದಿಯಲ್ಲಿ ಬೀಗದ ಕೈ. ಅವಳ ನಾಲಿಗೆಯಷ್ಟು ಸ್ವಚ್ಛವಾದ ನಾಲಿಗೆಯನ್ನು ನಾನು ಕಂಡಿಲ್ಲ. ಅಲ್ಪಪ್ರಾಣ ಮಹಾಪ್ರಾಣ ಒಂದೂ ತಪ್ಪುತ್ತಿರಲಿಲ್ಲ. ಗಂಡ ಹಳೆಯ ಅರಿವೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಸಂಜೆ ಆರಕ್ಕೆ ಸೈಕಲ್ ತಂದು ಬಾಗಿಲಲ್ಲಿ ನಿಲ್ಲಿಸಿ ಗಂಟೆ ಬಾರಿಸುವ. "ನಮ್ಮ ಮನಿಯವ್ರು ಬಂದ್ರು ಸರ್" ಎಂದು ಅವಳು ಏಳುವಳು. ನಾನು ಅವನಿಗೆ ಕೈಯೆತ್ತಿ ನಮಸ್ಕಾರ ಮಾಡುವೆ. ಇಷ್ಟು ವರ್ಷದಲ್ಲಿ ಅವನ ಹೆಸರೇನೆಂದು ನಾನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ.

ಆ ಪುಸ್ತಕ ಬಂದದ್ದು ನಾವು ಕಂಪ್ಯೂಟರಿಗೆ ಹೊರಳಿ ಕೆಲವು ವರ್ಷಗಳಾದ ಮೇಲೆ. ಧಾರವಾಡದಲ್ಲಿ ಹೀಬ್ರೂ ಬಲ್ಲ ಚರ್ಚಿನ ಒಬ್ಬ ನಿವೃತ್ತ ಸಭಾಪಾಲಕರಿದ್ದರು. ನಮ್ಮ ಸಭೆಯವರೆಲ್ಲ ಅವರನ್ನು ಅಯ್ಯನವರು ಎನ್ನುತ್ತಿದ್ದರು. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ, ಹಾಗಾಗಿ ನಾನೂ ಇಲ್ಲಿ ಕರೆಯುವುದಿಲ್ಲ. ಹೀಬ್ರೂ ಶಾಸ್ತ್ರದ ಹಳೆಯ ವೃತ್ತಾಂತಗಳನ್ನು ಮೂಲದಿಂದಲೇ ಸರಳ ಕನ್ನಡಕ್ಕೆ ತರಲು ಅವರು ಇಪ್ಪತ್ತು ವರ್ಷ ಕಳೆದಿದ್ದರು. ಹಸ್ತಪ್ರತಿಯನ್ನು ಬಿಳಿ ಪಂಚೆಯಲ್ಲಿ ಕಟ್ಟಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದರು. ಗಂಟು ಬಿಚ್ಚುವ ಮೊದಲೇ ನನಗೊಂದು ಎಚ್ಚರಿಕೆ ಕೊಟ್ಟರು.

"ದಾನಿಯೇಲಪ್ಪ, ಬ್ಯಾರೆ ಯಾವ ತಪ್ಪು ಬೇಕಾದ್ರ ಆಗ್ಲಿ, ತಡಕೊಳ್ತೇನಿ. ಎರಡ ಶಬ್ದ ಮಾತ್ರ ಅದಲ ಬದಲ ಆಗಬಾರದು. ಮೂಲದಾಗ ದೇವರ ಸ್ವಂತ ಹೆಸರು ಇದ್ದಲ್ಲಿ ಯೆಹೋವ ಅಂತ ಇಟ್ಟೇನಿ. ಒಡೆಯ ಅನ್ನೂ ಶಬ್ದ ಇದ್ದಲ್ಲಿ ಪ್ರಭು. ಪ್ರಭು ಅನ್ನೂದು ಪದವಿ. ರಾಜಗೂ ಅನಬಹುದು, ಮಾಲಕಗೂ ಅನಬಹುದು, ಗಂಡಗೂ ಅನಬಹುದು. ಹೆಸರು ಹಂಗಲ್ಲ. ಅದು ಒಬ್ಬಂವಂದ."

ನಾನು ಹುಟ್ಟು ಕ್ರೈಸ್ತ. ಭಾನುವಾರ ತಪ್ಪದೆ ಆ ಹೆಸರನ್ನು ಹಾಡಿದವನು. ಆದರೂ ಅದರ ಹುಟ್ಟು ಕೇಳಿದ್ದು ಆ ದಿನವೇ. ಮೂಲದಲ್ಲಿ ಅದು ಬರೀ ನಾಲ್ಕು ವ್ಯಂಜನ. ಯೆಹೂದ್ಯರು ಭಯಭಕ್ತಿಯಿಂದ ಅದನ್ನು ಬಾಯಿಬಿಟ್ಟು ಹೇಳುವುದನ್ನು ನಿಲ್ಲಿಸಿದರು. ಬರೆದಿರುವುದು ಆ ಹೆಸರು, ಓದುವುದು 'ಒಡೆಯ' ಎಂಬ ಬೇರೆ ಶಬ್ದ. ಓದುವವರು ಮರೆಯಬಾರದೆಂದು, ಹೇಳಬೇಕಾದ ಶಬ್ದದ ಸ್ವರಗುರುತುಗಳನ್ನು ಆ ನಾಲ್ಕು ವ್ಯಂಜನಗಳಿಗೆ ಹಚ್ಚಿಟ್ಟರು. ಎಷ್ಟೋ ಕಾಲದ ಮೇಲೆ ಹೊರಗಿನವರು ಎರಡನ್ನೂ ಕೂಡಿಸಿ ಓದಿದರು. ನಮ್ಮ ಬಾಯಿಗೆ ಬಂದ ರೂಪ ಹುಟ್ಟಿದ್ದು ಹಾಗೆ. ನಿಜವಾದ ಉಚ್ಚಾರ ಹೇಗಿತ್ತೆಂದು ಈಗ ಯಾರಿಗೂ ಖಚಿತವಿಲ್ಲ.

ನನಗೆ ಕಾಕಾನ ಮದುವೆಯ ಕಾರ್ಡು ನೆನಪಾಯಿತು. "ಅಂದ್ರ ಓದೂವರಿಗೆ ಕೊಟ್ಟ ಸೂಚನಾ ಶಬ್ದದಾಗ ಸೇರಿಬಿಟ್ತು!" ಎಂದೆ. ಅಯ್ಯನವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪ್ರೂಫ್ ರೀಡರನಿಗೆ ಇದು ಬೇಗ ತಿಳಿಯುತ್ತದೆ ಎಂದರು.

"ಹೆಸರಿನ ಅರ್ಥ ಏನ್ರಿ?" ಎಂದು ಕೇಳಿದೆ.

"ಕುರಿ ಕಾಯಾಂವ ಒಬ್ಬಂವ ಉರಿಯೂ ಗಿಡದ ಮುಂದ ನಿಂತು ಹೆಸರು ಕೇಳಿದ. ಸಿಕ್ಕ ಉತ್ತರ ಇರೂದಕ್ಕ ಸಂಬಂಧಪಟ್ಟದ್ದು. ಇದ್ದೇನೆ, ಇರತೇನೆ, ನಿನ್ನ ಜೋಡಿ ಇರತೇನೆ, ಎಲ್ಲಾ ಅದರಾಗ ಅದ. ಗ್ರಂಥದ ಕನ್ನಡದಾಗ ಎಷ್ಟ ತಿದ್ದಿದ್ರೂ ಕಲ್ಲ ಕಡದಂಗ ಆಗ್ತದ. ನಮ್ಮ ಕಡಿ ಹೆಣ್ಮಕ್ಕಳ ಬಾಯಾಗ ಮಾತ್ರ ಅದು ಸಹಜ ಅದ. ಕೂಸು ಬೆಚ್ಚಿ ಎದ್ದು ಅತ್ತರ ತಾಯಿ ಏನಂತಾಳ? 'ನಾ ಅದೇನಿ, ಅಂಜಬ್ಯಾಡ' ಅಂತಾಳ. ಅಷ್ಟ ನೋಡ್ರಿ. ಆದ್ರ ಹಂಗ ಬರದ್ರ ಸಭಾದವ್ರು ಒಪ್ಪೂದಿಲ್ಲ."

ಮೊದಲೆರಡು ಪ್ರೂಫುಗಳನ್ನು ಅಯ್ಯನವರೇ ನೋಡಿದರು. ಮುದ್ರಣಕ್ಕೆ ಹತ್ತು ದಿನವಿರುವಾಗ ಕಂಪ್ಯೂಟರ್ ಕೆಟ್ಟಿತು. ಬೇರೆ ಕಂಪ್ಯೂಟರಿಗೆ ಹಾಕಿದರೆ ಫಾಂಟ್ ಹೊಂದಲಿಲ್ಲ. ಒತ್ತಕ್ಷರವಿದ್ದ ಶಬ್ದಗಳೆಲ್ಲ ಮಾಯವಾಗಿ ಅವುಗಳ ಜಾಗದಲ್ಲಿ ಬರೀ ಚೌಕಗಳು ಕೂತಿದ್ದವು. ಪುಸ್ತಕ ಬಿಡುಗಡೆಯ ದಿನ ಗೊತ್ತಾಗಿ ಕಾರ್ಡೂ ಹಂಚಿಯಾಗಿತ್ತು. ಗಿರಿಜಕ್ಕ ಕಾಪಿ ಓದುವುದು, ನಾನು ಚೌಕದ ಮೇಲೆ ಶಬ್ದ ಬರೆಯುವುದು, ಹೀಗೆ ಇಡೀ ಪುಸ್ತಕವನ್ನು ಎಂಟು ದಿನದಲ್ಲಿ ಮುಗಿಸಬೇಕೆಂದು ಮಾಲೀಕರು ಅಪ್ಪಣೆ ಮಾಡಿದರು. ದಿನಕ್ಕೆ ಎಂಟು ತಾಸು ಅವಳು ಓದಿದಳು. ನಡುನಡುವೆ ಗಂಟಲಿಗೆ ಜ್ಯೇಷ್ಠಮಧು ಹಾಕಿಕೊಳ್ಳುತ್ತಿದ್ದಳು. ನನಗೆ ಅವಳ ದನಿ ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ. ಚೌಕ ಬಂತು, ಕೇಳಿದೆ, ಬರೆದೆ.

ನಾಲ್ಕನೆಯ ದಿನ ಊಟವಾದ ಮೇಲೆ ಒಂದು ಸಾಲು ಬಂತು. ಡೇರೆಯ ಮರೆಯಲ್ಲಿ ನಿಂತ ಒಬ್ಬ ಮುದುಕಿ, ತನಗೆ ಮಗು ಹುಟ್ಟುವುದೆಂಬ ಮಾತು ಕೇಳಿ ಒಳಗೊಳಗೇ ನಗುತ್ತಾಳೆ. ತಾನೂ ಮುದುಕಿ, ಗಂಡನೂ ಮುದುಕ ಎಂದುಕೊಳ್ಳುತ್ತಾಳೆ. ಗಂಡನನ್ನು ಹೇಳುವ ಶಬ್ದದ ಜಾಗದಲ್ಲಿ ಒಂದು ಚೌಕವಿತ್ತು. ಗಿರಿಜಕ್ಕನ ದನಿ ಸ್ವಲ್ಪ ತಗ್ಗಿತು. ನಾನು ಕೇಳಿದಂತೆ ಬರೆದೆ. ಬರೆದ ಮೇಲೆ ಪೆನ್ಸಿಲ್ ನಿಂತಿತು.

"ಏನಂದ್ರಿ ಗಿರಿಜಕ್ಕಾ?"

"ಹೌದ್ರಿ ಸರ್. ಅಲ್ಪವಿರಾಮ. ಮುಂದ."

ಕೈ ಚಾಚಿ ಕಾಪಿ ನೋಡಿದ್ದರೆ ಮುಗಿಯುತ್ತಿತ್ತು. ನಡುವೆ ಇದ್ದದ್ದು ಒಂದು ಮೊಳ ದೂರ. ಇನ್ನೂ ನೂರು ಪುಟ ಉಳಿದಿವೆ ಎಂದು ನಾನು ಗಡಿಯಾರ ನೋಡಿದೆ, ಮುಂದೆ ಹೋದೆ.

ಒಂಬತ್ತು ದಿನದ ಮೇಲೆ, ಸೋಮವಾರ ಬೆಳಿಗ್ಗೆ, ಅಯ್ಯನವರು ಛತ್ರಿ ಊರಿಕೊಂಡು ಮೆಟ್ಟಿಲೇರಿ ಬಂದರು. ಅಚ್ಚಾದ ಫಾರಂಗಳನ್ನು, ಅಂದರೆ ಹದಿನಾರು ಪುಟ ಒಂದೇ ಸಲ ಅಚ್ಚಾಗುವ ದೊಡ್ಡ ಹಾಳೆಗಳನ್ನು, ನಾವು ಅವರ ಖುಷಿಗೆಂದು ಕಳಿಸಿಕೊಟ್ಟಿದ್ದೆವು. ಅದರಲ್ಲೊಂದು ಹಾಳೆ ಬಿಚ್ಚಿದರು. ಒಂದು ಸಾಲಿನ ಮೇಲೆ ಬೆರಳಿಟ್ಟು ನನ್ನ ಮುಂದೆ ಹಿಡಿದರು. ಡೇರೆಯ ಮುದುಕಿ ನಗುತ್ತ ಹೇಳುತ್ತಿದ್ದಳು: ನನ್ನ ಯೆಹೋವನೂ ಮುದುಕ.

ಹಾಳೆ ತಿರುವಿದಂತೆ ಇನ್ನಷ್ಟು ಸಿಕ್ಕವು. ಆಳೊಬ್ಬ ತನ್ನ ಮಾಲಕನನ್ನು ದೇವರ ಹೆಸರಿನಿಂದ ಕರೆದಿದ್ದ. ಮಕ್ಕಳಿಲ್ಲದ ದುಃಖಿಯೊಬ್ಬಳು ಪೂಜಾರಿಯನ್ನು ಅದೇ ಹೆಸರಿನಿಂದ ಕರೆದಿದ್ದಳು. ಪ್ರಭು ಎಂದಿರಬೇಕಾದ ಕಡೆಯಲ್ಲೆಲ್ಲ ಯಾವ ಶಬ್ದ ಬರಬಾರದೆಂದು ಅಯ್ಯನವರು ಅಂಗಲಾಚಿದ್ದರೋ ಅದೇ ಶಬ್ದ. ಎಲ್ಲವೂ ನನ್ನ ಕೈಬರಹ ನೋಡಿ ಕೂಡಿಸಿದವು. ಪ್ರತಿ ಪ್ರೂಫಿನ ಕೆಳಗೆ ನನ್ನ ಸಹಿ.

ನಮ್ಮ ಮಾಲೀಕರು ಹತ್ತಿ ವ್ಯಾಪಾರದ ಮನೆತನದವರು. ಹತ್ತಿ ತುಂಬಿದ ಅಂಡಿಗೆಯಿಂದ ಒಂದು ಹಿಡಿ ಎಳೆದು ನೋಡಿ ಇಡೀ ಮಾಲಿನ ಹಣೆಬರಹ ಹೇಳುವ ಜಾತಿ. "ಗುರುವಾರ ಅಯ್ಯನವ್ರನ್ನ ಮತ್ತ ಕರಿಸ್ತೀನಿ" ಎಂದರು. "ಅಷ್ಟರಾಗ ಇದು ಯಾರ ಕಡಿಂದ ಆಗೇತಿ ಹೆಸರು ಹೇಳ್ರಿ. ಅವ್ರು ಶುಕ್ರವಾರದಿಂದ ಬರೂದ ಬ್ಯಾಡ."

ಹೆಸರು ಹೇಳ್ರಿ. ಆ ಮೂರು ದಿನ ಈ ಮಾತು ನನ್ನ ತಲೆಯಲ್ಲಿ ಗಾಣದಂತೆ ತಿರುಗಿತು. ನನಗೆ ಐವತ್ತು ದಾಟಿತ್ತು, ಮಗಳು ಕಾಲೇಜಿನಲ್ಲಿದ್ದಳು, ಈ ವಯಸ್ಸಿನಲ್ಲಿ ಇನ್ನೊಂದು ಪ್ರೆಸ್ಸು ಯಾರನ್ನು ಕರೆಯುತ್ತದೆ? ಕಾಪಿ ತೆಗೆದು ನೋಡಿದೆ. ಅಯ್ಯನವರ ಮುತ್ತಿನಂಥ ಅಕ್ಷರದಲ್ಲಿ 'ಪ್ರಭು' ಎಂದು ಎಲ್ಲ ಕಡೆ ಸ್ಪಷ್ಟವಾಗಿತ್ತು. ಹಾಗಾದರೆ ತಪ್ಪು ಓದಿದವಳದು. ಬಚಾವಾದೆ ಎಂದು ನನ್ನ ಮನಸ್ಸು ಹಗುರಾಯಿತು. ನಾಚಿಕೆಯಾದರೂ ಬರೆಯುತ್ತಿದ್ದೇನೆ, ಹಗುರಾಯಿತು.

ಬುಧವಾರ ಮಧ್ಯಾಹ್ನ ಕಾಪಿಯ ಒಂದು ಪುಟವನ್ನು ಗಿರಿಜಕ್ಕನ ಮುಂದಿಟ್ಟು, "ಸ್ವಲ್ಪ ಓದ್ರಿ, ಒಂದು ಅನುಮಾನ ಐತಿ" ಎಂದೆ. ಅವಳು ಓದಿದಳು. ಪ್ರಭು ಎಂಬ ಶಬ್ದ ಬಂದಲ್ಲಿ ಕಣ್ಣು ಮಿಟುಕಿಸದೆ ಯೆಹೋವ ಎಂದಳು.

"ಗಿರಿಜಕ್ಕಾ, ಅಲ್ಲಿ ಏನ ಬರದೈತ್ರಿ?"

ಮುಖ ಕೆಂಪಾಯಿತು. ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ಒಂದು ರದ್ದಿ ಹಾಳೆಯ ಅಂಚಿನಲ್ಲಿ ಬರೆದು ನನ್ನ ಕಡೆ ಸರಿಸಿದಳು: 'ಅದು ನಮ್ಮ ಮನೆಯವರ ಹೆಸರು.'

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲವೆಂಬುದು ನನಗೆ ಹೊಸದೇನಲ್ಲ. ಮದುವೆಮನೆಗಳಲ್ಲಿ ಹೆಸರು ಹೇಳು ಎಂದು ಕಾಡುವುದು, ಅವರು ಒಡಪು ಕಟ್ಟಿ ಅದರ ನಡುವೆ ಹೆಸರು ಅಡಗಿಸಿ ಹೇಳಿ ಓಡುವುದು, ನನ್ನ ಅವ್ವನೂ ಮಾಡಿದ್ದಳು. ಆದರೆ ಪ್ರೂಫ್ ಓದುವ ಬಾಯಿಗೂ ಆ ಕಟ್ಟು ಇರುತ್ತದೆಂದು ನನಗೆ ಹೊಳೆದಿರಲಿಲ್ಲ. ನಮ್ಮ ಸಭೆಯ ಹಳೆಯ ಪುಸ್ತಕಗಳಲ್ಲಿ 'ಕರ್ತ' ಎಂದಿರುತ್ತಿತ್ತು, ಅವಳು ಸಲೀಸಾಗಿ ಓದುತ್ತಿದ್ದಳು. ಬೇರೆ ಪುಸ್ತಕದಲ್ಲಿ 'ಪ್ರಭು' ಬಂದಾಗ ಅವಳು ನುಂಗಿದ್ದರೂ ಶಬ್ದ ನನ್ನ ಕಣ್ಣ ಮುಂದೆಯೇ ಇರುತ್ತಿತ್ತು, ಚೌಕದೊಳಗೆ ಅಡಗಿದ್ದು ಇದೇ ಮೊದಲು.

"ಇದನ್ನ ಯಾಕ ಅಂದ್ರಿ ಮತ್ತ? ಬ್ಯಾರೆ ಏನರೆ ಅನಬೇಕಿತ್ತು."

"ನಿಮ್ಮ ದೇವ್ರು ಒಬ್ಬಂವ ಅಲ್ರಿ ಸರ್. ಎರಡೂ ಅವಂದ ಹೆಸರು ಅಂದ್ಕೊಂಡೆ. ನೂರ ಸಲ ಓದಿ ಓದಿ ಬಾಯಿಗೆ ಅದ ಬರ್ತಿತ್ತು. ಅಷ್ಟರ ಮ್ಯಾಲ ಸರ್ ಅದಾರಲ್ಲ, ನೋಡಕೊಂಡ ಬರೀತಾರ ಅಂತ." ದನಿ ಒಡೆಯಿತು. "ನನ್ನ ಬಿಡಿಸಿದ್ರ ಬಿಡಸ್ಲಿ. ಆದ್ರ ಎಲ್ಲಾರ ಮುಂದ ಇದನ್ನ ಹೇಳಿ ನಗಸಬ್ಯಾಡ್ರಿ ಸರ್."

ಆಗ ನನಗೆ ಇನ್ನೊಂದು ಹೊಳೆಯಿತು, ಅದು ಹೊಳೆಯದಿದ್ದರೆ ನಾನು ಸುಖವಾಗಿರುತ್ತಿದ್ದೆ. ಚೌಕವಾದದ್ದು ಒತ್ತಕ್ಷರವಿದ್ದ ಶಬ್ದಗಳು ಮಾತ್ರ. ಯೆಹೋವ ಎಂಬುದರಲ್ಲಿ ಒತ್ತಕ್ಷರವೇ ಇಲ್ಲ. ಆ ಹೆಸರು ಚೌಕದೊಳಗೆ ಇರಲು ಸಾಧ್ಯವೇ ಇರಲಿಲ್ಲ. ಪುಸ್ತಕದ ತುಂಬ ಅದು ಕೆಡದೆ ನಿಂತಿದ್ದನ್ನು ನಾನು ಕಣ್ಣಾರೆ ನೋಡುತ್ತಲೇ, ಚೌಕಗಳ ಮೇಲೆ ಅದನ್ನೇ ಮತ್ತೆ ಮತ್ತೆ ಬರೆದಿದ್ದೆ. ಮೂವತ್ತು ವರ್ಷದ ಅನುಭವವಿದ್ದವನು! ಅವಳಿಗೆ ಕಟ್ಟಿದ್ದು ನಾಲಿಗೆ. ನನಗೆ ಕಣ್ಣು ತೆರೆದಿದ್ದೂ ಕಟ್ಟಿತ್ತು.

ಗುರುವಾರ ಮಾಲೀಕರ ಕೋಣೆಯಲ್ಲಿ ಅಯ್ಯನವರು ಕುರ್ಚಿಯಲ್ಲಿ, ನಾವಿಬ್ಬರು ನಿಂತು.

"ಹಾಂ, ಹೇಳ್ರಿ. ಯಾರು?"

ಹೇಳಬೇಕೆಂದು ಸಿದ್ಧಮಾಡಿಕೊಂಡ ಮಾತು ಒಂದೂ ಬರಲಿಲ್ಲ. ನಾನು ತಡಮಾಡಿದ ಆ ಗಳಿಗೆಯಲ್ಲಿ ಗಿರಿಜಕ್ಕ, "ನಾನ್ರಿ ಸಾಹೇಬ್ರ. ನಾನ ಓದಿದ್ದು" ಎಂದುಬಿಟ್ಟಳು.

ಮಾಲೀಕರು ಒಂದು ಹಿಡಿ ಎಳೆದು ನೋಡುವವರಲ್ಲವೆ, ಕಾಪಿಯನ್ನೇ ಅವಳ ಕೈಗೆ ಕೊಟ್ಟರು. "ಓದ್ರಿ ನೋಡೂಣು, ಈ ಸಾಲು. ಕಣ್ಣ ಕಾಣ್ತಾವೋ ಇಲ್ಲೋ ತಿಳೀಲಿ."

ಅವಳು ಓದಿದಳು. ಡೇರೆ, ಮುದುಕಿ, ನಗು. 'ನನ್ನ' ಎಂಬಲ್ಲಿಗೆ ಬಂದು ನಿಂತಳು. "ಮುಂದ?" ಎಂದರು ಮಾಲೀಕರು. ಅವಳ ತುಟಿ ಅಲುಗಿತು, ದನಿ ಬರಲಿಲ್ಲ. ಕಾಗದದ ಅಂಚು ಅವಳ ಹೆಬ್ಬೆರಳ ಕೆಳಗೆ ಮಡಿಚಿಹೋಗುತ್ತಿತ್ತು.

ಅಯ್ಯನವರು ಅವಳ ಮುಖವನ್ನೇ ನೋಡುತ್ತಿದ್ದರು. "ನಿಮ್ಮ ಯಜಮಾನರ ಹೆಸರ ಏನವ್ವಾ?" ಎಂದು ಕೇಳಿ, ಕೇಳಿದ ಕೂಡಲೇ ಕೇಳಬಾರದಿತ್ತೆಂಬಂತೆ ತಾವೇ ಬಾಯಿ ಮುಚ್ಚಿಕೊಂಡರು. ನನ್ನ ಕಡೆ ತಿರುಗಿದರು.

"ಅದ ಶಬ್ದ ಅಯ್ಯನವರ" ಎಂದೆ. ನಗಿಸಬೇಡಿ ಎಂದಿದ್ದಳು, ಆದರೆ ಆ ಕೋಣೆಯಲ್ಲಿ ಯಾರೂ ನಗಲಿಲ್ಲ.

ಅಯ್ಯನವರು ಎದ್ದು ಬಂದು ಅವಳ ಕೈಯಿಂದ ಹಾಳೆ ತೆಗೆದುಕೊಂಡರು. "ಓದಬ್ಯಾಡವ್ವಾ. ನನ್ನ ಮುಂದ ಯಾರೂ ಇದನ್ನ ಓದಿಸಬಾರದು" ಎಂದರು. ಆಮೇಲೆ ಮಾಲೀಕರಿಗೆ ಹೇಳಿದರು: "ನಾ ನಲವತ್ತ ವರ್ಷ ಹೀಬ್ರೂ ಓದೇನ್ರಿ. ಆ ನಾಲ್ಕ ಅಕ್ಷರ ಬಂದ ಕೂಡಲೆ ನನ್ನ ಬಾಯಿ ಒಡೆಯ ಅಂತದ, ಹೆಸರು ಅನ್ನೂದಿಲ್ಲ. ಈ ಹೆಣ್ಣಮಗಳು ಒಡೆಯ ಅನ್ನಾಕ ಬಾಯಿ ಬರದ ಹೆಸರು ಅಂದಾಳ. ಇಬ್ಬರೂ ಮಾಡಿದ್ದು ಒಂದ. ಈಕಿನ್ನ ಬಿಡಿಸಿದ್ರ ನನ್ನ ಪುಸ್ತಕ ನನಗ ಕೊಟ್ಟಬಿಡ್ರಿ."

ಆಗ ನನಗೆ ಬಾಯಿ ಬಂತು. ಸಹಿ ನನ್ನದು, ಅನುಮಾನ ಬಂದರೂ ಕಾಪಿ ನೋಡದವನು ನಾನು, ಆ ಹೆಸರಿಗೆ ಒತ್ತಕ್ಷರವಿಲ್ಲವೆಂದು ಕಾಣದವನು ನಾನು ಎಂದೆ. ಅವಳು ಹೇಳಿದ ಮೇಲೆ ಹೇಳಿದೆ. ಮೊದಲು ಹೇಳಲಿಲ್ಲ. ಇಂದಿಗೂ ನನಗೆ ನೋವಿರುವುದು ಅದರಲ್ಲೇ.

ಮಾಲೀಕರು ನಮ್ಮಿಬ್ಬರನ್ನೂ ಬಿಡಿಸಲಿಲ್ಲ. ಆರು ತಿಂಗಳು ನನಗೆ ಪುಸ್ತಕದ ಪ್ರೂಫ್ ಕೊಡದೆ ಮದುವೆ ಕಾರ್ಡು, ಕ್ಯಾಲೆಂಡರಿಗೆ ಹಾಕಿದರು. ಅದೂ ಈ ಪುಸ್ತಕವನ್ನು ಇನ್ನೊಮ್ಮೆ ಓದಿ ಮುಗಿಸಿದ ಮೇಲೆ. 'ಪ್ರಭು' ಬಂದಾಗ ಏನು ಮಾಡುವುದೆಂದು ಗಿರಿಜಕ್ಕನೇ ಉಪಾಯ ಹುಡುಕಿದಳು. ಆ ಶಬ್ದ ಬಂದಲ್ಲಿ ಮೇಜಿನ ಮೇಲೆ ಬೆರಳ ಗೆಣ್ಣಿನಿಂದ ಒಂದು ಸಲ ಟಕ್ ಎನಿಸುವುದು. ನಾನು ಬರೆಯುವುದು, ಆಮೇಲೆ ಕಾಪಿ ಇಣುಕಿ ನೋಡುವುದು. ಅಯ್ಯನವರು ಒಂದಿಡೀ ದಿನ ಪಕ್ಕದಲ್ಲಿ ಕೂತು ಕೇಳಿದರು. ಅವಳು ಟಕ್ ಎನಿಸಿದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದರು.

ತಪ್ಪಾದ ಫಾರಂಗಳನ್ನು ರದ್ದಿಗೆ ಹಾಕಲು ಅವರು ಒಪ್ಪಲಿಲ್ಲ. ಆ ಹೆಸರಿದ್ದ ಕಾಗದವನ್ನು ಹರಿಯಬಾರದು, ಮಣ್ಣಿಗೆ ಕೊಡಬೇಕೆಂದು ಹಳೆಯ ಯೆಹೂದ್ಯ ಪದ್ಧತಿಯಂತೆ. ಧಾರವಾಡಕ್ಕೆ ಒಯ್ದು ತಮ್ಮ ಹಿತ್ತಲಲ್ಲಿ ಹೂಳಿಸಿದರು. ಹೋಗುವ ಮೊದಲು ನಾನು ಎಣಿಸಿದೆ. ಒಂದು ಹಾಳೆ ಕಡಿಮೆ ಬಂತು. ಮತ್ತೆ ಎಣಿಸಿದೆ, ಆಗಲೂ ಅದೇ ಒಂದು ಕಡಿಮೆ. ನನ್ನ ಎಣಿಕೆಯ ತಪ್ಪಿರಬಹುದು ಎಂದುಕೊಂಡು ಎಷ್ಟೋ ವರ್ಷವಾಯಿತು. ಈಗಲೂ ದುರ್ಗದಬೈಲಿನಲ್ಲಿ ಮಿರ್ಚಿ ತಿಂದರೆ, ಎಣ್ಣೆ ಹತ್ತಿದ ಕಾಗದವನ್ನು ಬಿಚ್ಚಿ ಓದದೆ ಎಸೆಯುವುದಿಲ್ಲ. ಹುಡುಗಿಗೆ ಈ ಉತ್ತರವನ್ನು ನಾನು ಕೊಡಬೇಕಿತ್ತು.

ಆಮೇಲೆ ಇಬ್ಬರು ಕೂತು ಓದುವ ಪದ್ಧತಿಯೇ ಹೋಯಿತು. ಅಯ್ಯನವರು ತೀರಿಕೊಂಡರು. ನಾನು ನಿವೃತ್ತನಾದೆ, ಗಿರಿಜಕ್ಕ ನನಗಿಂತ ಮೊದಲೇ ಬಿಟ್ಟಿದ್ದಳು. ಹೋದ ವರ್ಷ ಒಂದು ಬೆಳಿಗ್ಗೆ ಅವಳ ಫೋನು ಬಂತು. ಮನೆಯವರ ಹೊಟ್ಟೆಯ ಆಪರೇಶನ್ ಮುಗಿದಿದೆ, ಮಗಳು ಗದಗಿನಿಂದ ಇನ್ನೂ ದಾರಿಯಲ್ಲಿದ್ದಾಳೆ, ಒಬ್ಬಳಿಗೇ ಅಂಜಿಕೆ ಬರುತ್ತಿದೆ, ಬರುತ್ತೀರಾ ಎಂದಳು. ಹೋದೆ.

ಆಪರೇಶನ್ ಆದವರನ್ನು ಮಲಗಿಸಿದ್ದ ಉದ್ದನೆಯ ಕೋಣೆ. ಗೋಡೆಯುದ್ದಕ್ಕೂ ಆರೋ ಏಳೋ ಮಂಚ, ಎಲ್ಲದರ ಮೇಲೂ ಒಬ್ಬೊಬ್ಬ ಗಂಡಸು, ಪಕ್ಕದಲ್ಲಿ ಒಬ್ಬೊಬ್ಬ ಹೆಂಗಸು. ಗಿರಿಜಕ್ಕನ ಗಂಡ ಬಾಯಿ ತೆರೆದು ಮಲಗಿದ್ದ. ಗಲ್ಲ ಒಳಗೆ ಹೋಗಿ ಗುರುತೇ ಸಿಗದಂತಾಗಿದ್ದ. ಮತ್ತಿನ ಔಷಧ ಇಳಿದು ಎರಡು ತಾಸಿನ ಹಿಂದೆಯೇ ಎಚ್ಚರವಾಗಬೇಕಿತ್ತು. ನರ್ಸು ಕೆನ್ನೆ ತಟ್ಟಿ, ಫೈಲು ನೋಡಿ ಅವನ ಪೂರ್ತಿ ಹೆಸರು ಕೂಗಿ ಸಾಕಾಗಿದ್ದಳು. ಡಾಕ್ಟರು ಎರಡು ಸಲ ಬಂದು ನೋಡಿ ಹೋಗಿದ್ದರು.

"ನೀವ ಕರೀರಿ ಅಮ್ಮಾರ" ಎಂದಳು ನರ್ಸು. "ಮನಿಯವರ ದನಿ ಲಗೂ ತಿಳಿತೈತಿ. ಸುಮ್ನ ನಿಂದರಬ್ಯಾಡ್ರಿ, ಹೆಸರ ಹಿಡದ ಕರೀರಿ."

ಗಿರಿಜಕ್ಕ ಬಾಗಿ ಕರೆದಳು. "ಏನ್ರಿ... ಏನ್ರೀ, ಇಲ್ನೋಡ್ರಿ."

ಅವನು ಅಲುಗಲಿಲ್ಲ. ಪಕ್ಕದ ಮಂಚದ ಮನುಷ್ಯ ಕಣ್ಣು ಬಿಟ್ಟು "ಆಂ?" ಎಂದ. ಅವನ ಹೆಂಡತಿಯೂ ಬೆಳಗಿನಿಂದ ಅವನನ್ನು ಏನ್ರೀ ಎಂದೇ ಕರೆಯುತ್ತಿದ್ದಳು. ಅದರಾಚೆಯವಳೂ ಅಷ್ಟೆ. ಕೋಣೆಯ ಆ ತುದಿಯಿಂದ ಈ ತುದಿಯವರೆಗೆ ಎಲ್ಲ ಗಂಡಸರೂ ಏನ್ರೀ. ಅಯ್ಯನವರು ಬಿಳಿ ಪಂಚೆಯ ಗಂಟು ಬಿಚ್ಚುವ ಮೊದಲು ಹೇಳಿದ, ಹೆಸರು ಒಬ್ಬಂವಂದ ಎಂಬ ಮಾತು ನನಗೆ ಆಗ ನಿಜವಾಗಿ ತಿಳಿಯಿತು.

ಗಿರಿಜಕ್ಕ ಮತ್ತೆರಡು ಸಲ ಹಾಗೇ ಕರೆದಳು. ಆಮೇಲೆ ಅವಳ ಕೈ ಮಂಚದ ಕಬ್ಬಿಣದ ಪಟ್ಟಿಯ ಮೇಲೆ ಬಂತು. ಬೆರಳ ಗೆಣ್ಣಿನಿಂದ ಟಕ್ ಎನಿಸಿದಳು. ಸ್ವಲ್ಪ ತಡೆದು ಮತ್ತೊಮ್ಮೆ, ಟಕ್. ನರ್ಸಿಗೆ ಅದೇನೆಂದು ತಿಳಿಯಲಿಲ್ಲ.

"ನಾ ಕರೀಲೇನ್ರಿ?" ಎಂದೆ.

ಅವಳು ತಲೆಯಲ್ಲಾಡಿಸಿದಳು. ಸೆರಗು ಹೊದ್ದುಕೊಂಡು, ಅವನ ಕಿವಿಯ ಹತ್ತಿರ ಬಾಯಿ ತಂದಳು. ಹತ್ತೊಂಬತ್ತು ವರ್ಷ ಒಂದಕ್ಷರ ತಪ್ಪದ ಆ ನಾಲಿಗೆ ಒಂದು ಶಬ್ದಕ್ಕೆ ತೊದಲಿತು. ಮೊದಲ ಸಲ ಉಸಿರು ಮಾತ್ರ ಬಂತು. ಎರಡನೆಯ ಸಲ ಒತ್ತಕ್ಷರ ಸಮೇತ ಸ್ವಚ್ಛವಾಗಿ ಬಂತು.

"ಪ್ರಭು."

ರೆಪ್ಪೆ ಅಲುಗಿತು.

"ಪ್ರಭೂ."

ಅವನ ಒಣಗಿದ ತುಟಿ ತೆರೆಯಿತು. ಹೆಣ್ಣು ದನಿಯೊಂದು ಆ ಹೆಸರಿನಿಂದ ತನ್ನನ್ನು ಕರೆದು ಎಷ್ಟು ಕಾಲವಾಗಿತ್ತೋ, ಕಣ್ಣು ಬಿಡದೆ, "ಅವ್ವಾ?" ಎಂದ.

ಗಿರಿಜಕ್ಕ ಅಳುತ್ತಿದ್ದಳು. ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅವ್ವ ಅಲ್ರಿ" ಎಂದಳು. "ನಾನು. ಅಂಜಬ್ಯಾಡ್ರಿ, ನಾ ಅದೇನಿ."